‘ಕಂಪನಿ ಗಾಡಿ ವಾಪಸ್ ತಗೊಳ್ತಿದೆ’ ಎಂಬ ಫಾರ್ವರ್ಡ್: ರೀಕಾಲ್ ಅಂದರೆ ಏನು, ಏನಲ್ಲ?

‘2 ಲಕ್ಷ ಬೈಕ್ ವಾಪಸ್ ಪಡೆದ ಕಂಪನಿ! ನಿಮ್ಮದೂ ಇದೆಯಾ? ತಕ್ಷಣ ಈ ಲಿಂಕ್ ಒತ್ತಿ.’ ಇಂಥ ಸಂದೇಶ ನಿಮ್ಮ ವಾಟ್ಸ್‌ಆ್ಯಪ್ ಗುಂಪಿಗೂ ಬಂದಿರಬಹುದು. ಓದಿದವರಲ್ಲಿ ಒಬ್ಬರು ‘ಹಾಗಾದರೆ ದುಡ್ಡು ವಾಪಸ್ ಕೊಡ್ತಾರಾ?’ ಎಂದು ಕೇಳುತ್ತಾರೆ. ಇನ್ನೊಬ್ಬರು ‘ಆ ಕಂಪನಿ ಗಾಡೀನೇ ಸರಿ ಇಲ್ಲ, ತಗೋಬೇಡಿ’ ಎನ್ನುತ್ತಾರೆ. ಮತ್ತೊಬ್ಬರು ಏನೂ ಹೇಳದೆ ಲಿಂಕ್ ಒತ್ತಿಬಿಡುತ್ತಾರೆ. ಮೂವರದೂ ತಪ್ಪೇ. ರೀಕಾಲ್ ಅಂದರೆ ನಿಜವಾಗಿ ಏನು, ಅದಕ್ಕೂ ಹೊಸ ಗಾಡಿ ತಡವಾಗಿ ಸಿಗುವುದಕ್ಕೂ ಏನು ಸಂಬಂಧ, ನಿಮ್ಮ ಗಾಡಿ ಪಟ್ಟಿಯಲ್ಲಿದೆಯೇ ಎಂದು ತಿಳಿಯುವುದು ಹೇಗೆ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಗೊಂದಲ ಹುಟ್ಟುವುದು ಪದದಿಂದಲೇ

ರೀಕಾಲ್ ಎಂಬುದನ್ನು ಟಿವಿ, ಪತ್ರಿಕೆಗಳು ‘ಹಿಂಪಡೆಯುವುದು’, ‘ವಾಪಸ್ ಪಡೆಯುವುದು’ ಎಂದು ಬರೆಯುತ್ತವೆ. ಅದನ್ನು ಓದಿದರೆ ಕಂಪನಿಯವರು ಗಾಡಿಯನ್ನೇ ಎತ್ತಿಕೊಂಡು ಹೋಗುತ್ತಾರೆ ಅನ್ನಿಸುವುದು ಸಹಜ. ನಡೆಯುವುದು ಬೇರೆ. ಒಂದು ನಿರ್ದಿಷ್ಟ ಅವಧಿಯಲ್ಲಿ ತಯಾರಾದ ಗಾಡಿಗಳ ಒಂದು ಭಾಗದಲ್ಲಿ ದೋಷ ಇರಬಹುದು ಎಂದು ಕಂಪನಿಗೆ ಗೊತ್ತಾಗುತ್ತದೆ. ಆ ಗಾಡಿಗಳನ್ನು ಸರ್ವೀಸ್ ಸೆಂಟರ್‌ಗೆ ಕರೆಸಿ, ಪರೀಕ್ಷಿಸಿ, ಬೇಕಿದ್ದರೆ ಆ ಭಾಗವನ್ನು ಉಚಿತವಾಗಿ ಬದಲಿಸಿ ಕಳಿಸುತ್ತದೆ. ‘ದುರಸ್ತಿಗೆ ಕರೆ’ ಎಂದರೆ ಹೆಚ್ಚು ಸರಿಯಾದೀತು.

ಒಂದು ಉದಾಹರಣೆ ನೋಡಿ. 2021ರ ಮೇ ತಿಂಗಳಲ್ಲಿ ರಾಯಲ್ ಎನ್‌ಫೀಲ್ಡ್ ಕಂಪನಿ ಕ್ಲಾಸಿಕ್, ಬುಲೆಟ್, ಮೀಟಿಯೋರ್ ಮಾದರಿಗಳ 2,36,966 ಬೈಕ್‌ಗಳಿಗೆ ರೀಕಾಲ್ ಘೋಷಿಸಿತು. ಕಾರಣ, ಇಗ್ನಿಷನ್ ಕಾಯಿಲ್‌ನ ದೋಷ. ಅಷ್ಟೂ ಬೈಕ್‌ಗಳಲ್ಲಿ ಕಾಯಿಲ್ ಬದಲಿಸಬೇಕಾಗುವುದು ಶೇ 10ಕ್ಕಿಂತ ಕಡಿಮೆ ಎಂದು ಕಂಪನಿಯೇ ಅಂದಾಜು ಮಾಡಿತ್ತು. ಉಳಿದವಕ್ಕೆ ಪರೀಕ್ಷೆ ಸಾಕು. ಫಾರ್ವರ್ಡ್‌ಗಳಲ್ಲಿ ಮಾತ್ರ ‘ಎರಡೂಕಾಲು ಲಕ್ಷ ಬೈಕ್ ಕೆಟ್ಟಿವೆ’ ಎಂದಾಗುತ್ತದೆ.

ನಮ್ಮ ಕೋಲಾರ ಜಿಲ್ಲೆಗೆ ಇದು ದೂರದ ವಿಷಯವಲ್ಲ. ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಂಪನಿಯ ದೇಶದ ಮೂರನೆಯ ಕಾರ್ಖಾನೆ 2013ರಲ್ಲಿ ಉತ್ಪಾದನೆ ಶುರು ಮಾಡಿತು. ಅದೇ ಕಂಪನಿ 2019ರಲ್ಲಿ ಆ್ಯಕ್ಟಿವಾ 125, ಗ್ರೇಜಿಯಾ, ಏವಿಯೇಟರ್, ಸಿಬಿ ಶೈನ್ ಮಾದರಿಗಳ 50,034 ಗಾಡಿಗಳಿಗೆ ರೀಕಾಲ್ ಘೋಷಿಸಿತ್ತು. ಮುಂದಿನ ಡಿಸ್ಕ್ ಬ್ರೇಕ್‌ನ ಮಾಸ್ಟರ್ ಸಿಲಿಂಡರ್‌ನಲ್ಲಿ ದೋಷದ ಶಂಕೆ ಇತ್ತು. ಅಂದರೆ ರೀಕಾಲ್ ಎಲ್ಲ ದೊಡ್ಡ ಕಂಪನಿಗಳಲ್ಲೂ ಆಗುತ್ತದೆ. ರೀಕಾಲ್ ಮಾಡಿದ ಮಾತ್ರಕ್ಕೆ ಕಂಪನಿ ಕೆಟ್ಟದ್ದಲ್ಲ. ದೋಷ ಗೊತ್ತಿದ್ದೂ ಮುಚ್ಚಿಡುವುದು ಕೆಟ್ಟದ್ದು.

ಕಾನೂನು ಏನು ಹೇಳುತ್ತದೆ?

ಭಾರತದಲ್ಲಿ 2012ರಿಂದ ವಾಹನ ತಯಾರಕರ ಸಂಘದ ಸ್ವಯಂಪ್ರೇರಿತ ನಿಯಮವಷ್ಟೇ ಇತ್ತು. 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ತಿದ್ದುಪಡಿ ತಂದು 110ಎ ಸೆಕ್ಷನ್ ಸೇರಿಸಲಾಯಿತು. ಇದರ ನಿಯಮಗಳು 2021ರ ಏಪ್ರಿಲ್ 1ರಿಂದ ಜಾರಿಯಲ್ಲಿವೆ. ಮುಖ್ಯ ಅಂಶಗಳು ಇವು:

• ದೋಷದಿಂದ ಚಾಲಕರಿಗೆ, ಪ್ರಯಾಣಿಕರಿಗೆ, ರಸ್ತೆಯಲ್ಲಿರುವ ಇತರರಿಗೆ ಅಥವಾ ಪರಿಸರಕ್ಕೆ ಅಪಾಯವಿದ್ದು, ನಿಗದಿತ ಪ್ರಮಾಣದ ಮಾಲೀಕರು ದೂರು ಕೊಟ್ಟರೆ ಅಥವಾ ಪರೀಕ್ಷಾ ಸಂಸ್ಥೆ ವರದಿ ಕೊಟ್ಟರೆ, ಕೇಂದ್ರ ಸರ್ಕಾರ ರೀಕಾಲ್‌ಗೆ ಆದೇಶಿಸಬಹುದು.
• ಆದೇಶವಾದರೆ ಕಂಪನಿ ದುರಸ್ತಿ ಮಾಡಬೇಕು, ಇಲ್ಲವೇ ಅಂಥದ್ದೇ ಬೇರೆ ಗಾಡಿ ಕೊಡಬೇಕು, ಇಲ್ಲವೇ ಹಣ ಮರಳಿಸಬೇಕು. ದಂಡವನ್ನೂ ಕಟ್ಟಬೇಕು. ಗಾಡಿಯ ಬಗೆ ಮತ್ತು ಸಂಖ್ಯೆ ನೋಡಿ ದಂಡ 10 ಲಕ್ಷದಿಂದ 1 ಕೋಟಿ ರೂಪಾಯಿವರೆಗೆ ಇದೆ.
• ಕಂಪನಿ ತಾನಾಗಿಯೇ ದೋಷ ತಿಳಿಸಿ ರೀಕಾಲ್ ಮಾಡಿದರೆ ಈ ದಂಡ ಇಲ್ಲ.
• ಸರ್ಕಾರದ ಆದೇಶದ ರೀಕಾಲ್ 7 ವರ್ಷದೊಳಗಿನ ಗಾಡಿಗಳಿಗೆ ಅನ್ವಯಿಸುತ್ತದೆ.

‘ಹೊಸ ಗಾಡಿ ಕೊಡ್ತಾರೆ’ ಎಂಬ ಫಾರ್ವರ್ಡ್ ಹುಟ್ಟುವುದು ಎರಡನೆಯ ಅಂಶವನ್ನು ಅರ್ಧ ಓದಿದಾಗ. ಕಾನೂನಿನಲ್ಲಿ ಮೂರು ದಾರಿಗಳಿವೆ. ಸಾಮಾನ್ಯವಾಗಿ ಆಗುವುದು ದುರಸ್ತಿಯೇ.

ಸುದ್ದಿ ತಲುಪದಿರುವುದು ಯಾರಿಗೆ?

ನಿಜವಾದ ಅಪಾಯ ಇರುವುದು ಇಲ್ಲಿ. ಕಂಪನಿಯ ಬಳಿ ಇರುವುದು ಗಾಡಿಯನ್ನು ಮೊದಲು ಕೊಂಡವರ ಹೆಸರು, ಫೋನ್ ನಂಬರ್. ಪತ್ರ, ಎಸ್‌ಎಂಎಸ್, ಕರೆ ಎಲ್ಲ ಅವರಿಗೇ ಹೋಗುತ್ತವೆ.

ಶ್ರೀನಿವಾಸಪುರ ತಾಲ್ಲೂಕಿನ ಯಲ್ದೂರಿನಂಥ ಹೋಬಳಿ ಊರನ್ನೇ ತೆಗೆದುಕೊಳ್ಳಿ. ಬೆಳಗ್ಗೆ ಡೇರಿಗೆ ಹಾಲು ಹಾಕಲು, ತೋಟಕ್ಕೆ ಹೋಗಲು, ಮಕ್ಕಳನ್ನು ಶಾಲೆಗೆ ಬಿಡಲು ಒಂದೇ ಗಾಡಿ. ಅದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡಿದ್ದು, ಆರ್‌ಸಿ ಇನ್ನೂ ಹಳೆಯ ಮಾಲೀಕರ ಹೆಸರಿನಲ್ಲೇ ಇದ್ದರೆ ರೀಕಾಲ್ ಸುದ್ದಿ ಹಳಬರಿಗೆ ಹೋಗುತ್ತದೆ. ಅವರು ಗಾಡಿ ಮಾರಿದ್ದೇನೆ ಎಂದು ಸುಮ್ಮನಾಗುತ್ತಾರೆ. ಗಡಿ ತಾಲ್ಲೂಕು ಆದ್ದರಿಂದ ಆಂಧ್ರ ನೋಂದಣಿಯ ಗಾಡಿ ಕೊಂಡಿದ್ದರೆ ಸುದ್ದಿ ಇನ್ನೂ ದೂರ. ಸರ್ವೀಸ್ ಕೂಡ ಊರಿನ ಮೆಕ್ಯಾನಿಕ್ ಹತ್ತಿರವೇ ಆಗುತ್ತಿದ್ದರೆ ಕಂಪನಿಯ ದಾಖಲೆಗೆ ಈಗಿನ ಮಾಲೀಕರು ಸಿಗುವುದೇ ಇಲ್ಲ. ಊರಿನ ಮೆಕ್ಯಾನಿಕ್ ಎಷ್ಟೇ ನುರಿತವರಾದರೂ ರೀಕಾಲ್‌ನ ಭಾಗ ಅವರಿಗೆ ಬರುವುದಿಲ್ಲ. ಅದು ಕಂಪನಿಯ ಅಧಿಕೃತ ಸರ್ವೀಸ್ ಸೆಂಟರ್‌ಗಷ್ಟೇ ಬರುತ್ತದೆ.

ಗಾಡಿ ಕೊಂಡವರು 30 ದಿನದೊಳಗೆ ಹೆಸರು ವರ್ಗಾವಣೆಗೆ ಅರ್ಜಿ ಹಾಕಬೇಕು ಎಂದು ಕಾನೂನಿದೆ. ದಂಡ, ವಿಮೆ ಎಂದು ಇದಕ್ಕೆ ಕಾರಣ ಹೇಳುತ್ತೇವೆ. ರೀಕಾಲ್ ಸಹ ಅಷ್ಟೇ ದೊಡ್ಡ ಕಾರಣ. ಬ್ರೇಕ್ ಅಥವಾ ಬ್ಯಾಟರಿಯ ದೋಷ ಆರ್‌ಸಿಯಲ್ಲಿ ಯಾರ ಹೆಸರಿದೆ ಎಂದು ನೋಡುವುದಿಲ್ಲ.

ಪಾರ್ಟ್ ತಡ, ಹೊಸ ಗಾಡಿಯೂ ತಡ: ಏಕೆ?

‘ಪಾರ್ಟ್ ಬಂದಿಲ್ಲ, ಮುಂದಿನ ತಿಂಗಳು ಬನ್ನಿ’ ಎಂದು ಸರ್ವೀಸ್ ಸೆಂಟರ್‌ನವರು ಹೇಳಿದರೆ ಅದು ಯಾವಾಗಲೂ ನೆಪವಲ್ಲ. ದೋಷ ಸಿಕ್ಕ ಭಾಗವನ್ನು ಹೊಸದಾಗಿ ತಯಾರಿಸಬೇಕು. ಅದೇ ಭಾಗ ಮೂರು ಕಡೆಗೆ ಬೇಕು: ಮಾರಿದ ಗಾಡಿಗಳಿಗೆ, ಶೋರೂಂನಲ್ಲಿ ನಿಂತಿರುವ ಗಾಡಿಗಳಿಗೆ, ಕಾರ್ಖಾನೆಯಲ್ಲಿ ಜೋಡಣೆಯಾಗುತ್ತಿರುವ ಗಾಡಿಗಳಿಗೆ. ಹೀಗಾಗಿ ರೀಕಾಲ್ ದೊಡ್ಡದಾದರೆ ಹೊಸ ಗಾಡಿಯ ಡೆಲಿವರಿಯೂ ತಡವಾಗಬಹುದು.

ಜಗತ್ತಿನ ದೊಡ್ಡ ಉದಾಹರಣೆ ಜಪಾನಿನ ತಕಾಟಾ ಕಂಪನಿಯ ಏರ್‌ಬ್ಯಾಗ್. ಅದರಲ್ಲಿ ಬಳಸಿದ ಅಮೋನಿಯಂ ನೈಟ್ರೇಟ್ ರಾಸಾಯನಿಕ ಬಿಸಿಲು, ತೇವಕ್ಕೆ ವರ್ಷಗಟ್ಟಲೆ ಸಿಕ್ಕಿ ಹದಗೆಟ್ಟು, ಅಪಘಾತದ ಹೊತ್ತಿನಲ್ಲಿ ಲೋಹದ ಚೂರುಗಳನ್ನು ಸಿಡಿಸುತ್ತಿತ್ತು. ಹಲವು ದೇಶಗಳಲ್ಲಿ ಕೋಟಿಗಟ್ಟಲೆ ಏರ್‌ಬ್ಯಾಗ್ ಬದಲಿಸಬೇಕಾಯಿತು. ಭಾರತದಲ್ಲೂ ಕಾರುಗಳಿಗೆ ರೀಕಾಲ್ ಆಯಿತು. ಅಷ್ಟು ಭಾಗಗಳು ಒಮ್ಮೆಲೇ ಸಿಗದ ಕಾರಣ ಅಮೆರಿಕದಲ್ಲಿ ಸರದಿ ಮಾಡಿದರು: ಹಳೆಯ ಕಾರುಗಳಿಗೆ, ಬಿಸಿಲು ಮತ್ತು ತೇವ ಹೆಚ್ಚಿರುವ ಪ್ರದೇಶಗಳಿಗೆ ಮೊದಲು. ಭಾಗ ಕಡಿಮೆ ಇದ್ದಾಗ ಅಪಾಯ ಹೆಚ್ಚಿರುವವರಿಗೆ ಮೊದಲು ಎಂಬುದೇ ಸರಿಯಾದ ಕ್ರಮ.

ಹಾಗೆಂದು ಹೊಸ ಗಾಡಿ ಸಿಗುತ್ತಿಲ್ಲ ಎಂದರೆ ರೀಕಾಲ್ ಆಗಿದೆ ಎಂದೇ ಅರ್ಥವಲ್ಲ. 2021ರಲ್ಲಿ ಇಡೀ ಜಗತ್ತಿನಲ್ಲಿ ಸೆಮಿಕಂಡಕ್ಟರ್ ಚಿಪ್‌ಗಳ ಕೊರತೆಯಾಯಿತು. ಆ ವರ್ಷದ ಸೆಪ್ಟೆಂಬರ್‌ನಲ್ಲಿ ಮಾರುತಿ ಸುಜುಕಿಯ ಉತ್ಪಾದನೆ ಮಾಮೂಲಿನ ಶೇ 40ರಷ್ಟಕ್ಕೆ ಇಳಿಯುವ ಅಂದಾಜಿತ್ತು. 2025ರ ಏಪ್ರಿಲ್‌ನಲ್ಲಿ ಚೀನಾ ಕೆಲವು ಅಪರೂಪದ ಖನಿಜಗಳು ಮತ್ತು ಅವುಗಳಿಂದಾದ ಆಯಸ್ಕಾಂತಗಳ ರಫ್ತಿಗೆ ನಿರ್ಬಂಧ ಹಾಕಿದಾಗ ಎಲೆಕ್ಟ್ರಿಕ್ ಗಾಡಿಗಳ ಮೋಟಾರಿಗೆ ತೊಂದರೆಯಾಯಿತು. ಒಂದು ಸಣ್ಣ ಭಾಗ ಇಲ್ಲದಿದ್ದರೂ ಇಡೀ ಗಾಡಿ ಕಾರ್ಖಾನೆಯಿಂದ ಹೊರಗೆ ಬರುವುದಿಲ್ಲ. ಆದ್ದರಿಂದ ‘ಕಂಪನಿ ಮುಚ್ಚುತ್ತಿದೆ’, ‘ಇವತ್ತೇ ಬುಕ್ ಮಾಡಿ, ನಾಳೆ ಸಿಗಲ್ಲ’ ಎಂಬ ಸಂದೇಶ ನಂಬಿ ಮುಂಗಡ ಕಟ್ಟಬೇಡಿ. ಶೋರೂಂಗೆ ಹೋಗಿ ರಸೀದಿ ಪಡೆದು, ಬುಕಿಂಗ್ ರದ್ದಾದರೆ ಹಣ ಎಷ್ಟು ವಾಪಸ್ ಎಂದು ಬರವಣಿಗೆಯಲ್ಲಿ ಕೇಳಿ.

ಎಲೆಕ್ಟ್ರಿಕ್ ಸ್ಕೂಟರ್‌ಗಳ ಮಾತು

2022ರ ಬೇಸಿಗೆಯಲ್ಲಿ ದೇಶದ ಕೆಲವೆಡೆ ಎಲೆಕ್ಟ್ರಿಕ್ ಸ್ಕೂಟರ್‌ಗಳಿಗೆ ಬೆಂಕಿ ಹೊತ್ತಿಕೊಂಡಿತು. ಆಗ ಓಕಿನಾವಾ 3,215 ಸ್ಕೂಟರ್‌ಗಳನ್ನೂ, ಓಲಾ 1,441 ಸ್ಕೂಟರ್‌ಗಳನ್ನೂ ಪರೀಕ್ಷೆಗೆ ಕರೆಸಿದವು. ಆ ವಿಡಿಯೊಗಳು ದಿನಾಂಕವಿಲ್ಲದೆ ಮತ್ತೆ ಫಾರ್ವರ್ಡ್ ಆದರೆ ನಿನ್ನೆ ಮೊನ್ನೆಯದರಂತೆ ಕಾಣುತ್ತವೆ. ವಿಡಿಯೊ ನಿಜವಿದ್ದರೂ ಅದರ ದಿನಾಂಕ ಸುಳ್ಳಾದರೆ ಸುದ್ದಿಯೂ ಸುಳ್ಳೇ.

ನಿಮ್ಮ ಗಾಡಿ ಪಟ್ಟಿಯಲ್ಲಿದೆಯೇ? ಹೀಗೆ ನೋಡಿ

1. ಆರ್‌ಸಿಯಲ್ಲಿರುವ ಚಾಸಿ ನಂಬರ್ ಬರೆದುಕೊಳ್ಳಿ. ಅದರಲ್ಲಿ ಸಾಮಾನ್ಯವಾಗಿ 17 ಅಕ್ಷರ ಮತ್ತು ಅಂಕಿಗಳಿರುತ್ತವೆ. ಅದರಲ್ಲಿ ಇಂಗ್ಲಿಷಿನ ಐ, ಒ, ಕ್ಯೂ ಅಕ್ಷರಗಳನ್ನು ಬಳಸುವುದಿಲ್ಲ. ಗುಂಡಗೆ ಕಂಡರೆ ಅದು ಸೊನ್ನೆ.
2. ಕಂಪನಿಯ ವೆಬ್‌ಸೈಟ್ ಹೆಸರನ್ನು ನೀವೇ ಟೈಪ್ ಮಾಡಿ ತೆರೆಯಿರಿ. ಫಾರ್ವರ್ಡ್‌ನಲ್ಲಿ ಬಂದ ಲಿಂಕ್ ಒತ್ತಬೇಡಿ.
3. ಇಂಟರ್‌ನೆಟ್ ತೊಡಕಾದರೆ ಶ್ರೀನಿವಾಸಪುರ ಅಥವಾ ಕೋಲಾರದಲ್ಲಿರುವ ಅಧಿಕೃತ ಶೋರೂಂಗೆ ಆರ್‌ಸಿ ತೆಗೆದುಕೊಂಡು ಹೋಗಿ, ‘ಈ ಗಾಡಿಗೆ ರೀಕಾಲ್ ಬಾಕಿ ಇದೆಯಾ ನೋಡಿ’ ಎಂದು ಕೇಳಿ. ಸೆಕೆಂಡ್ ಹ್ಯಾಂಡ್ ಆದರೂ ಕೇಳಬಹುದು.
4. ಇದ್ದರೆ ಎರಡು ಪ್ರಶ್ನೆ ಕೇಳಿ: ಪಾರ್ಟ್ ಯಾವಾಗ ಬರುತ್ತದೆ? ಅಲ್ಲಿಯವರೆಗೆ ಗಾಡಿ ಓಡಿಸಬಹುದೇ? ಬ್ರೇಕ್, ಸ್ಟೀರಿಂಗ್, ಪೆಟ್ರೋಲ್ ಸೋರಿಕೆ, ಬ್ಯಾಟರಿಯ ದೋಷವಾದರೆ ಎರಡನೆಯ ಪ್ರಶ್ನೆಗೆ ಸ್ಪಷ್ಟ ಉತ್ತರ ಸಿಗುವವರೆಗೆ ಬಿಡಬೇಡಿ.
5. ಕೆಲಸ ಮುಗಿದ ಮೇಲೆ ಜಾಬ್ ಕಾರ್ಡ್ ಇಟ್ಟುಕೊಳ್ಳಿ. ನಾಳೆ ಗಾಡಿ ಮಾರುವಾಗ ಅದೇ ಸಾಕ್ಷಿ. ರೀಕಾಲ್ ಕೆಲಸಕ್ಕೆ ಹಣ ಕೇಳಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ.

ರೀಕಾಲ್‌ಗೆ ಒಟಿಪಿ ಬೇಕಿಲ್ಲ, ಬ್ಯಾಂಕ್ ವಿವರ ಬೇಕಿಲ್ಲ, ಸಂದೇಶದಲ್ಲಿ ಬರುವ ಎಪಿಕೆ ಫೈಲ್ ಬೇಕಿಲ್ಲ. ಯಾರಾದರೂ ಇವನ್ನು ಕೇಳಿದರೆ ಅದು ವಂಚನೆ. ಹಣ ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ.

ಫಾರ್ವರ್ಡ್ ಮಾಡುವ ಮುನ್ನ

ರೀಕಾಲ್ ಸುದ್ದಿಯನ್ನು ಹಂಚಬೇಡಿ ಎಂದು ನಾವು ಹೇಳುವುದಿಲ್ಲ. ಸರಿಯಾಗಿ ಹಂಚಿದರೆ ಕಂಪನಿಯ ಎಸ್‌ಎಂಎಸ್ ತಲುಪದವರಿಗೆ ಅದು ತಲುಪುತ್ತದೆ. ಸಂದೇಶದಲ್ಲಿ ನಾಲ್ಕು ವಿಷಯ ಇವೆಯೇ ನೋಡಿ: ಕಂಪನಿ ಮತ್ತು ಮಾದರಿ, ಯಾವ ತಿಂಗಳಿಂದ ಯಾವ ತಿಂಗಳವರೆಗೆ ತಯಾರಾದ ಗಾಡಿ, ಯಾವ ಭಾಗದ ದೋಷ, ಘೋಷಣೆಯ ದಿನಾಂಕ. ಇದ್ದರೆ, ಅದನ್ನು ಕಂಪನಿಯ ವೆಬ್‌ಸೈಟ್‌ನಲ್ಲಿ ಒಮ್ಮೆ ನೋಡಿ ಕಳಿಸಿ. ಇಲ್ಲದಿದ್ದರೆ ಅಲ್ಲೇ ನಿಲ್ಲಿಸಿ. ನಿಮ್ಮ ಹಳೆಯ ಗಾಡಿಗೆ ರೀಕಾಲ್ ಎಂದು ನಿಮ್ಮ ಫೋನ್‌ಗೆ ಎಸ್‌ಎಂಎಸ್ ಬಂದರೆ, ಅದನ್ನು ಕೊಂಡವರಿಗೆ ಒಂದು ಕರೆ ಮಾಡಿ ತಿಳಿಸಿ. ಈಗ ಅದನ್ನು ಓಡಿಸುತ್ತಿರುವವರು ಅವರು.