ಕಸ ವಿಂಗಡಣೆಯಲ್ಲಿ ಯಂತ್ರದೃಷ್ಟಿ

ಬೆರಕೆಯಾಗಿ ಬಂದ ಘನತ್ಯಾಜ್ಯವನ್ನು ಕ್ಯಾಮೆರಾ ಮತ್ತಿತರ ಸಂವೇದಕಗಳಿಂದ ನೋಡಿ, ಕಂಡದ್ದು ಏನೆಂದು ಗಣಕದಿಂದ ಗುರುತಿಸಿ, ಗಾಳಿಯ ಊದಿನಿಂದಲೋ ರೋಬಾಟ್ ಕೈಯಿಂದಲೋ ಬೇರ್ಪಡಿಸುವ ತಂತ್ರ. ಹೆಸರು ಹೊಸದಾದರೂ ಇದರ ಬೇರು ಇರುವುದು ಧಾನ್ಯದ ವ್ಯಾಪಾರದಲ್ಲಿ.

1930ರ ದಶಕದಲ್ಲಿ ಅಮೆರಿಕದ ಮಿಶಿಗನ್‌ನಲ್ಲಿ ಬಣ್ಣಗೆಟ್ಟ ಹುರುಳಿಕಾಯಿ ಬೀಜಗಳನ್ನು ಆರಿಸಲು ಬೆಳಕಿಗೆ ಸ್ಪಂದಿಸುವ ದ್ಯುತಿಕೋಶವನ್ನು ಬಳಸಲಾಯಿತು. 1947ರಲ್ಲಿ ಬ್ರಿಟನ್ನಿನಲ್ಲಿ ಹುಟ್ಟಿದ ಸಾರ್ಟೆಕ್ಸ್ ಕಂಪನಿ ಇದೇ ದಾರಿ ಹಿಡಿಯಿತು. ಗಂಗಾವತಿ, ಸಿಂಧನೂರಿನ ಗಿರಣಿಗಳಿಂದ ಬರುವ ಚೀಲಗಳ ಮೇಲೆ ‘ಸಾರ್ಟೆಕ್ಸ್ ಅಕ್ಕಿ’ ಎಂದು ಓದುವ ನಮಗೆ ಆ ಹೆಸರು ಕಂಪನಿಯದೆಂಬುದೇ ಮರೆತುಹೋಗಿದೆ. ಉದುರುತ್ತಿರುವ ಕಾಳುಗಳಲ್ಲಿ ಕಪ್ಪಾದದ್ದನ್ನು ಕಣ್ಣು ಹಿಡಿಯುತ್ತದೆ, ಒಂದು ಊದು ಅದನ್ನು ಪಕ್ಕಕ್ಕೆ ತಳ್ಳುತ್ತದೆ. ಕಣದಲ್ಲಿ ರಾಶಿ ತೂರುವವನು ಗಾಳಿಯಿಂದ ಮಾಡಿಸಿಕೊಳ್ಳುವ ಕೆಲಸವನ್ನೇ ಇದು ಒಂದೊಂದು ಕಾಳಿಗೂ ಬಿಡಿಬಿಡಿಯಾಗಿ ಮಾಡುತ್ತದೆ.

ಕಸಕ್ಕೆ ಈ ವಿದ್ಯೆ ತಡವಾಗಿ ಬಂತು. ಕಬ್ಬಿಣವನ್ನು ಅಯಸ್ಕಾಂತ ಎಳೆಯುತ್ತದೆ; ಅಲ್ಯೂಮಿನಿಯಮ್ಮನ್ನು ಸುಳಿ ವಿದ್ಯುತ್ ಪ್ರವಾಹ ಎಗರಿಸುತ್ತದೆ. ಇವೆರಡಕ್ಕೂ ಕಣ್ಣು ಬೇಕಿಲ್ಲ. ತೊಡಕಾದದ್ದು ಪ್ಲಾಸ್ಟಿಕ್. ನೀರಿನ ಬಾಟಲಿಯ ಪಿಇಟಿಯೂ ಪಿವಿಸಿಯೂ ನೋಡಲು ಒಂದೇ ಥರ, ಸಾಂದ್ರತೆಯೂ ಹೆಚ್ಚುಕಡಿಮೆ ಒಂದೇ. ನೀರಿಗೆ ಹಾಕಿದರೆ ಎರಡೂ ಮುಳುಗುತ್ತವೆ. ಕರಗಿಸುವಾಗ ಚೂರು ಪಿವಿಸಿ ಸೇರಿದರೂ ಅದು ಒಡೆದು ಹೈಡ್ರೋಕ್ಲೋರಿಕ್ ಆಮ್ಲ ಬಿಟ್ಟು ಇಡೀ ಪಾಕವನ್ನೇ ಕೆಡಿಸುತ್ತದೆ. ಹೀಗಾಗಿ ಪಿವಿಸಿಯೊಳಗಿನ ಕ್ಲೋರಿನ್ನನ್ನು ಎಕ್ಸ್-ರೇಯಿಂದ ಪತ್ತೆ ಹಚ್ಚುವ ಯಂತ್ರಗಳು ಮೊದಲು ಬಂದವು.

ನಿಜವಾದ ತಿರುವು ತಂದದ್ದು ಅವಕೆಂಪು ಬೆಳಕು. 1800ರಲ್ಲಿ ವಿಲಿಯಂ ಹರ್ಷಲ್ ಉಷ್ಣಮಾಪಕವನ್ನು ಕೆಂಪಿನ ಆಚೆಗಿಟ್ಟು ಕಂಡುಕೊಂಡ ಈ ಕಿರಣವನ್ನು ಸುಮಾರು ಒಂದೂವರೆ ಶತಮಾನದ ನಂತರ ಅಮೆರಿಕದ ಕೃಷಿ ಇಲಾಖೆಯ ಕಾರ್ಲ್ ನಾರಿಸ್ ಕಾಳಿನ ತೇವ ಅಳೆಯಲು ಬಳಸಿದರು. ಮತ್ತೆ ಧಾನ್ಯವೇ! ಪ್ರತಿ ಪ್ಲಾಸ್ಟಿಕ್ಕೂ ಸುಮಾರು 900ರಿಂದ 1700 ನ್ಯಾನೋಮೀಟರ್‌ವರೆಗಿನ ಬೆಳಕಿನಲ್ಲಿ ತನ್ನದೇ ಕೆಲವು ಅಲೆಗಳನ್ನು ನುಂಗಿ ಉಳಿದದ್ದನ್ನು ಹಿಂದಿರುಗಿಸುತ್ತದೆ. ಕಣ್ಣಿಗೆ ಒಂದೇ ಆಗಿದ್ದವು ಇಲ್ಲಿ ಬೇರೆ ಬೇರೆಯಾಗಿ ಕಾಣುತ್ತವೆ. 1993ರಲ್ಲಿ ನಾರ್ವೆಯಲ್ಲಿ ಆರಂಭವಾದ ಟೈಟೆಕ್ ಇದನ್ನು ಕಸದ ಬೆಲ್ಟಿನ ಮೇಲೆ ತಂದ ಕಂಪನಿಗಳಲ್ಲೊಂದು. ಅದನ್ನು 2004ರಲ್ಲಿ ಅದೇ ದೇಶದ ಟೊಮ್ರಾ ಕೊಂಡಿತು. ಖಾಲಿ ಬಾಟಲಿ ಪಡೆದು ಠೇವಣಿ ಮರಳಿಸುವ ಯಂತ್ರಗಳಿಂದ 1972ರಲ್ಲಿ ಶುರುವಾದ ಸಂಸ್ಥೆಯದು.

ಸೆಕೆಂಡಿಗೆ ಮೂರು ಮೀಟರಿನಷ್ಟು ವೇಗದಲ್ಲಿ ಓಡುವ ಬೆಲ್ಟಿನ ಮೇಲೂ ಕೆಲಸ ಮಾಡುವ ಈ ಯಂತ್ರಕ್ಕೆ ಎರಡು ಕುರುಡುಗಳಿದ್ದವು. ಕಾರ್ಬನ್ ಮಸಿ ಬೆರೆಸಿದ ಕಪ್ಪು ತಟ್ಟೆಗಳು ಬೆಳಕನ್ನೆಲ್ಲ ನುಂಗುವುದರಿಂದ ಅದಕ್ಕೆ ಕಾಣುತ್ತಲೇ ಇರಲಿಲ್ಲ. ಎರಡನೆಯದು ಇನ್ನೂ ಸೂಕ್ಷ್ಮ. ಕಟ್ಟಡದ ಕೆಲಸದಲ್ಲಿ ಬಳಸುವ ಸಿಲಿಕೋನ್ ಟ್ಯೂಬೂ ಶಾಂಪೂ ಬಾಟಲಿಯೂ ಒಂದೇ ಪಾಲಿಎಥಿಲೀನ್ ಆಗಿರಬಹುದು. ಟ್ಯೂಬಿನಲ್ಲಿ ಉಳಿದ ಸಿಲಿಕೋನ್ ಮಾತ್ರ ಮರುಬಳಕೆಗೆ ವಿಷ. ವಸ್ತು ಯಾವುದರಿಂದ ಆಗಿದೆ ಎಂದು ಗೊತ್ತಿದ್ದ ಯಂತ್ರಕ್ಕೆ ಅದು ಏನು ಎಂಬುದು ಗೊತ್ತಿರಲಿಲ್ಲ. ಉದಾಹರಣೆ ಚಿತ್ರಗಳಿಂದ ಕಲಿತು ಆಕಾರ ನೋಡಿ ಗುರುತಿಸುವ ಆಳ ಕಲಿಕೆಯನ್ನು (ಡೀಪ್ ಲರ್ನಿಂಗ್) ಟೊಮ್ರಾ 2019ರಲ್ಲಿ ಮೊದಲು ಹಚ್ಚಿದ್ದು ಈ ಟ್ಯೂಬುಗಳನ್ನು ಹೆಕ್ಕುವುದಕ್ಕೇ.

2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ತಂಡ ಚಿತ್ರ ಗುರುತಿಸುವ ಸ್ಪರ್ಧೆಯೊಂದನ್ನು ಆಳ ಕಲಿಕೆಯ ಗಣಕ ಮಾದರಿಯಾದ ನರಜಾಲದಿಂದ ಗೆದ್ದ ಮೇಲೆ ಆಳ ಕಲಿಕೆ ಎಲ್ಲೆಡೆ ಹಬ್ಬಿತ್ತು. ಕಸಕ್ಕೂ ಅದು ಬಂತು, ಮೊದಲಿಗೆ ತುಸು ತಮಾಷೆಯಾಗಿ. 2016ರಲ್ಲಿ ಸ್ಟ್ಯಾನ್‌ಫೋರ್ಡ್‌ನ ಇಬ್ಬರು ವಿದ್ಯಾರ್ಥಿಗಳು ಗಾಜು, ಕಾಗದ, ರಟ್ಟು, ಪ್ಲಾಸ್ಟಿಕ್, ಲೋಹ, ಇತರೆ ಕಸ ಎಂಬ ಆರು ವರ್ಗಗಳಲ್ಲಿ 2,527 ಚಿತ್ರಗಳ ‘ಟ್ರ್ಯಾಶ್‌ನೆಟ್’ ಸಂಗ್ರಹ ಮಾಡಿದರು. ಅವರ ಪ್ರಯೋಗದಲ್ಲಿ ಹಳೆಯ ವಿಧಾನ 63 ಪ್ರತಿಶತ ಸರಿ ಹೇಳಿದರೆ ನರಜಾಲ ಮುಟ್ಟಿದ್ದು 22 ಮಾತ್ರ. ಲಕ್ಷಾಂತರ ಇತರ ಚಿತ್ರಗಳಲ್ಲಿ ಪಳಗಿದ ಜಾಲಗಳನ್ನು ತಂದು ಇದೇ ಸಂಗ್ರಹದ ಮೇಲೆ 90 ದಾಟಿಸಿದವರು ನಂತರ ಅನೇಕರು. ಆದರೆ ಬಿಳಿ ಹಲಗೆಯ ಮೇಲೆ ಒಂಟಿಯಾಗಿ ಕುಳಿತ ಬಾಟಲಿಯನ್ನು ಗುರುತಿಸುವುದಕ್ಕೂ ಸಾರು ಮೆತ್ತಿದ, ಮುದುಡಿದ, ಇನ್ನೊಂದರಡಿ ಸಿಕ್ಕಿಕೊಂಡ ಬಾಟಲಿಯನ್ನು ಗುರುತಿಸುವುದಕ್ಕೂ ಅಜಗಜಾಂತರ. ಹಾಗಾಗಿ ಬೀದಿ, ಕಡಲತೀರಗಳ ಕಸದ ಚಿತ್ರಗಳ ‘ಟ್ಯಾಕೊ’, ನಿಜವಾದ ಮರುಬಳಕೆ ಘಟಕದ ಬೆಲ್ಟಿನಿಂದ ತೆಗೆದ ‘ಝೀರೋವೇಸ್ಟ್’ ಸಂಗ್ರಹಗಳು ಬಂದವು.

ಅಷ್ಟರಲ್ಲಿ ರೋಬಾಟುಗಳು ಕಾರ್ಖಾನೆ ಹೊಕ್ಕಿದ್ದವು. 2007ರಲ್ಲಿ ಫಿನ್ಲೆಂಡಿನಲ್ಲಿ ಹುಟ್ಟಿದ ಝೆನ್‌ರೊಬಾಟಿಕ್ಸ್ ಕಟ್ಟಡ ಕೆಡವಿದ ಕಸವನ್ನು ಆರಿಸಿಕೊಂಡಿತು. 2014ರಲ್ಲಿ ಕೊಲೊರಾಡೊದಲ್ಲಿ ಆರಂಭವಾದ ಎಎಂಪಿ ರೊಬಾಟಿಕ್ಸ್ ಮನೆಗಳ ಒಣ ಕಸಕ್ಕೆ ಕೈಹಾಕಿತು. ಇವುಗಳಿಗೆ ಗಿರಾಕಿ ಸಿಕ್ಕಿದ್ದು ತಂತ್ರದ ಸೊಬಗಿಗಿಂತ ಹೆಚ್ಚಾಗಿ ಚೀನಾದ ಒಂದು ನಿರ್ಧಾರದಿಂದ. 2018ರಲ್ಲಿ ಆ ದೇಶ ಮನೆಗಳ ಪ್ಲಾಸ್ಟಿಕ್ ಕಸದ ಆಮದನ್ನು ನಿಲ್ಲಿಸಿ, ಉಳಿದ ಹಲವು ಬಗೆಯ ರದ್ದಿಯಲ್ಲಿ ಬೆರಕೆ 0.5 ಪ್ರತಿಶತ ಮೀರಬಾರದೆಂದಿತು. ಅದುವರೆಗೆ ಬೇಲುಗಳನ್ನು ಹಡಗಿಗೆ ಏರಿಸಿ ಕೈತೊಳೆದುಕೊಳ್ಳುತ್ತಿದ್ದ ಶ್ರೀಮಂತ ದೇಶಗಳು ತಮ್ಮ ಕಸವನ್ನು ತಾವೇ ಚೊಕ್ಕಟ ಮಾಡಬೇಕಾಯಿತು.

ಭಾರತದಲ್ಲಿ 2016ರ ಘನತ್ಯಾಜ್ಯ ನಿಯಮಗಳು ಹಸಿ, ಒಣ, ಅಪಾಯಕಾರಿ ಕಸಗಳನ್ನು ಮನೆಯಲ್ಲೇ ಬೇರ್ಪಡಿಸಬೇಕೆಂದವು. ಆಮೇಲಿನ ವಿಂಗಡಣೆ ಬಹುಪಾಲು ಇಂದಿಗೂ ಚಿಂದಿ ಆಯುವವರು ಮತ್ತು ಗುಜರಿ ಅಂಗಡಿಯವರ ಕೈಯಲ್ಲಿದೆ. ಬೆಂಗಳೂರಿನ ಒಣ ತ್ಯಾಜ್ಯ ಕೇಂದ್ರಗಳಲ್ಲಿ ಕುಳಿತ ಹೆಂಗಸರಿಗೆ ಕವರು ಹಿಸುಕಿದಾಗಿನ ಚರಚರ ಸದ್ದೇ ಅದು ಪಿಪಿ (ಪಾಲಿಪ್ರೊಪಿಲೀನ್) ಎಂದು ಹೇಳಿಬಿಡುತ್ತದೆ. ಕೇಳಿ ಗುರುತಿಸುವ ಈ ವಿದ್ಯೆ ಯಾವ ಕ್ಯಾಮೆರಾಕ್ಕೂ ಇಲ್ಲ. ಎಚ್‌ಎಂ, ಎಲ್‌ಡಿ, ಪಿಪಿ ಎಂಬ ಪ್ಲಾಸ್ಟಿಕ್ ಬಗೆಗಳಲ್ಲಿ ಒಂದೊಂದಕ್ಕೂ ಒಂದೊಂದು ಚೀಲ, ಒಂದೊಂದು ದರ. ಹಾಲಿನ ಕವರಿಗಂತೂ ಪ್ರತ್ಯೇಕ ಮರ್ಯಾದೆ. ಟ್ರ್ಯಾಶ್‌ನೆಟ್‌ನ ಆರು ವರ್ಗಗಳಲ್ಲಿ ಇವಕ್ಕೆಲ್ಲ ಇರುವುದು ‘ಪ್ಲಾಸ್ಟಿಕ್’ ಎಂಬ ಒಂದೇ ಹೆಸರು.