ಬೀದಿ ಯಾರದು?

ಯಾವ ಮೆರವಣಿಗೆಯ ಚರಿತ್ರೆಯನ್ನು ಓದಿದರೂ ನನಗೆ ಮೊದಲು ಏಳುವ ಪ್ರಶ್ನೆ, ಅದು ನಡೆಯುವ ಬೀದಿ ಯಾರದು ಎಂಬುದು. ಬಹಾಮಾ ದ್ವೀಪಗಳ ‘ಜಂಕನೂ’ ಹಬ್ಬದ ವೃತ್ತಾಂತವನ್ನು ಓದಿದಾಗಲಂತೂ ಈ ಪ್ರಶ್ನೆ ನನ್ನನ್ನು ಬಹಳ ಕಾಡಿತು.

ರಾಜಧಾನಿಯಾದ ನಸ್ಸೌ ಪಟ್ಟಣದ ಬೇ ಬೀದಿಯಲ್ಲಿ ಡಿಸೆಂಬರ್ 26ರಂದೂ ಹೊಸವರ್ಷದ ದಿನವೂ ಈ ಮೆರವಣಿಗೆ ನಡೆಯುತ್ತದೆ. ನಡುರಾತ್ರಿ ಕಳೆದ ಮೇಲೆ ಅದರ ಸಡಗರ. ಮೇಕೆಯ ಚರ್ಮ ಬಿಗಿದ ಡೋಲುಗಳು, ದನದ ಕೊರಳ ಗಂಟೆಗಳು, ಸೀಟಿ, ಕೊಂಬು. ಡೋಲಿನ ಚರ್ಮವನ್ನು ಬೆಂಕಿಗೆ ಹಿಡಿದು ಹದಗೊಳಿಸುವರು. ತಮಟೆ ಕಾಯಿಸುವುದನ್ನು ಕಂಡ ನಮಗೆ ಇದು ಹೊಸದಲ್ಲ. ವೇಷವೆಲ್ಲ ರಟ್ಟಿನದು. ಅದರ ಮೇಲೆ ಬಣ್ಣಬಣ್ಣದ ಕ್ರೇಪ್ ಕಾಗದವನ್ನು ಸಣ್ಣಗೆ ಕತ್ತರಿಸಿ ಸಾಲುಸಾಲಾಗಿ ಅಂಟಿಸಿರುತ್ತಾರೆ. ತಿಂಗಳುಗಟ್ಟಲೆ ಗುಟ್ಟಾಗಿ ಪಟ್ಟ ಶ್ರಮ ಒಂದು ರಾತ್ರಿಯಲ್ಲಿ ಬೀದಿಗೆ ಬರುತ್ತದೆ.

ಇದರ ಬೇರು ಗುಲಾಮಗಿರಿಯ ಕಾಲದಲ್ಲಿದೆ. ಆಫ್ರಿಕದಿಂದ ಹಿಡಿದು ತಂದ ಜನರಿಗೆ ವರ್ಷವೆಲ್ಲ ದುಡಿತ. ಕ್ರಿಸ್‌ಮಸ್ಸಿನಲ್ಲಿ ಮಾತ್ರ ಕೆಲವು ದಿನಗಳ ಬಿಡುವು. ಬಿಡುವನ್ನು ಕೊಟ್ಟವನು ಒಡೆಯ. ಅದನ್ನು ಹಬ್ಬ ಮಾಡಿಕೊಂಡವರು ದುಡಿಯುವವರು. ಮುಖವಾಡ ತೊಟ್ಟು, ತಮ್ಮ ನಾಡಿನ ತಾಳಕ್ಕೆ ಕುಣಿದರು. 18ನೆಯ ಶತಮಾನದ ಆರಂಭದಲ್ಲಿ, ಇಂದಿನ ಘಾನಾದ ಕರಾವಳಿಯಲ್ಲಿ ಕೋಟೆಯೊಂದನ್ನು ಹಿಡಿದು ಡಚ್ಚರನ್ನು ತಡೆದ ಜಾನ್ ಕಾನಿ ಎಂಬ ನಾಯಕನಿಂದಲೇ ‘ಜಂಕನೂ’ ಎಂಬ ಹೆಸರು ಬಂದಿತೆಂದು ಕೆಲವರ ಮತ. ಸೆರೆಯಲ್ಲಿದ್ದವರು ಸೋಲದವನೊಬ್ಬನ ಹೆಸರನ್ನು ನೆನೆದರೆಂಬುದು ನನಗೆ ಒಪ್ಪುವ ಮಾತೇ.

1834ರಲ್ಲಿ ಕಾನೂನು ಗುಲಾಮಗಿರಿಯನ್ನು ತೆಗೆದುಹಾಕಿತು. ಪೂರ್ಣ ಬಿಡುಗಡೆ ದೊರೆತದ್ದು 1838ರಲ್ಲಿ. ಆದರೆ ಬೇ ಬೀದಿ ಬಿಳಿಯ ವರ್ತಕರದಾಗಿಯೇ ಉಳಿಯಿತು. ಅಂಗಡಿಗಳೂ ಅವರವು, ಶಾಸನಸಭೆಯೂ ಅವರ ಕೈಯಲ್ಲಿ. 1942ರ ಜೂನ್ 1ರಂದು, ವಿಮಾನ ನಿಲ್ದಾಣಗಳ ಕಾಮಗಾರಿಯಲ್ಲಿದ್ದ ಕೂಲಿಗಾರರು ದಿನಕ್ಕೆ 4 ಷಿಲಿಂಗ್ ಸಾಲದೆಂದು ಈ ಬೀದಿಗೇ ನಡೆದು ಬಂದರು. ಅಂಗಡಿಗಳ ಗಾಜು ಒಡೆಯಿತು, ಗುಂಡು ಹಾರಿತು, ಪ್ರಾಣಗಳೂ ಹೋದುವು. ಆಮೇಲೆ ಕೆಲವು ವರ್ಷ ಬೇ ಬೀದಿಯಲ್ಲಿ ಜಂಕನೂ ಇಲ್ಲವಾಯಿತು. ಕೂಲಿ ಕೇಳಿದ ಕಾಲೂ ಕುಣಿಯುವ ಕಾಲೂ ಒಂದೇ ಎಂಬುದನ್ನು ಆಳುವವರು ಚೆನ್ನಾಗಿ ಬಲ್ಲರು.

ಗಂಟೆಗಳು ಅದೇ ಬೀದಿಯಲ್ಲಿ ಮತ್ತೆ ಮೊಳಗಿದುವು. 1967ರಲ್ಲಿ ಬಹುಸಂಖ್ಯಾತರ ಸರಕಾರ ಬಂದಿತು. 1973ರಲ್ಲಿ ದೇಶ ಸ್ವತಂತ್ರವಾಯಿತು. 2023ರಲ್ಲಿ ಯುನೆಸ್ಕೊ ಸಂಸ್ಥೆ ಜಂಕನೂವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಪಟ್ಟಿಗೆ ಸೇರಿದ್ದು ಸಂತೋಷವೇ. ಆದರೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿದ್ದು ಅಲ್ಲಲ್ಲ. ಎರವಲಾಗಿ ಬಂದ ಬಿಡುವಿನಲ್ಲಿ ಕುಣಿಯತೊಡಗಿದವರ ಮೊಮ್ಮಕ್ಕಳು ಇಂದು ಯಾರ ಅಪ್ಪಣೆಗೂ ಕಾಯದೆ ಅದೇ ಬೀದಿಯಲ್ಲಿ ಕುಣಿಯುತ್ತಿದ್ದಾರೆ. ಬೀದಿ ಅವರದು.