ಯೀಸ್ಟ್‌ನಲ್ಲಿ ಶಕ್ತಿ ಚಯಾಪಚಯ, ಹಸಿವು ಮತ್ತು ಮುಪ್ಪು

ಯೀಸ್ಟ್‌ನ ಶಕ್ತಿ ಚಯಾಪಚಯ ಎಂದರೆ ಏಕಕೋಶ ಶಿಲೀಂಧ್ರವಾದ ಯೀಸ್ಟ್ ಆಹಾರದಿಂದ ಶಕ್ತಿಯನ್ನು ಪಡೆಯುವ, ಕೂಡಿಡುವ ಮತ್ತು ವೆಚ್ಚ ಮಾಡುವ ರಾಸಾಯನಿಕ ಕ್ರಿಯೆಗಳ ಒಟ್ಟು ವ್ಯವಸ್ಥೆ. ಆಹಾರ ಮುಗಿದ ಮೇಲೆ ಕೋಶವು ಎಷ್ಟು ಕಾಲ ಬದುಕುತ್ತದೆ, ಎಷ್ಟು ಬೇಗ ಮುಪ್ಪಾಗುತ್ತದೆ ಎಂಬುದು ಬಹುಮಟ್ಟಿಗೆ ಈ ವ್ಯವಸ್ಥೆಯನ್ನು ಅವಲಂಬಿಸಿದೆ. ಕೂಡಿಟ್ಟ ಆಹಾರದಷ್ಟೇ, ಬೆಳವಣಿಗೆಯ ವೆಚ್ಚವನ್ನು ಸಕಾಲದಲ್ಲಿ ನಿಲ್ಲಿಸುವ ಸಾಮರ್ಥ್ಯವೂ ಹಸಿವಿನಲ್ಲಿ ಕೋಶವನ್ನು ಉಳಿಸುತ್ತದೆ ಎಂಬುದು ಈ ಕ್ಷೇತ್ರದ ಮುಖ್ಯ ತಿಳಿವಳಿಕೆಗಳಲ್ಲಿ ಒಂದು.

ಹಿನ್ನೆಲೆ

ಬ್ರೆಡ್ ಉಬ್ಬಿಸಲು ಬಳಸುವ ಸ್ಯಾಕರೊಮೈಸಿಸ್ ಸೆರೆವಿಸಿಯೇ ಎಂಬ ಪ್ರಭೇದವೇ ಈ ಅಧ್ಯಯನಗಳ ಮುಖ್ಯ ಜೀವಿ. ಈಚಲು, ತೆಂಗು ಮುಂತಾದ ಮರಗಳಿಂದ ಇಳಿಸಿದ ಸಿಹಿಯಾದ ನೀರಾ ಹುಳಿತು ಹೆಂಡವಾಗುವುದರಲ್ಲಿಯೂ ಯೀಸ್ಟ್‌ಗಳ ಪಾತ್ರವಿದೆ. ಮನುಷ್ಯನ ಜೀವಕೋಶದಲ್ಲಿರುವಂತೆ ಯೀಸ್ಟ್ ಕೋಶದಲ್ಲಿಯೂ ಕೋಶಕೇಂದ್ರ ಮತ್ತು ಮೈಟೊಕಾಂಡ್ರಿಯಗಳಿವೆ. 16 ವರ್ಣತಂತುಗಳಲ್ಲಿ ಹರಡಿರುವ ಇದರ ಸುಮಾರು 6,000 ವಂಶವಾಹಿಗಳ ಪೂರ್ಣ ವಿನ್ಯಾಸವು 1996ರಲ್ಲಿ ಪ್ರಕಟವಾಯಿತು. ಕೋಶಕೇಂದ್ರವುಳ್ಳ ಜೀವಿಗಳ ಪೈಕಿ ಹೀಗೆ ಪೂರ್ಣವಾಗಿ ಓದಲಾದ ಮೊದಲ ಜೀನೋಮ್ ಇದು.

ಶಕ್ತಿಯ ಎರಡು ಮಾರ್ಗಗಳು

ಕೋಶದ ಎಲ್ಲ ಕೆಲಸಗಳಿಗೂ ಒದಗುವ ಶಕ್ತಿಯ ನಾಣ್ಯ ಎಟಿಪಿ ಎಂಬ ಅಣು. ಯೀಸ್ಟ್ ಇದನ್ನು ಎರಡು ಮಾರ್ಗಗಳಲ್ಲಿ ತಯಾರಿಸುತ್ತದೆ. ಮೊದಲನೆಯದು ಹುದುಗುವಿಕೆ. ಇದರಲ್ಲಿ ಗ್ಲೂಕೋಸ್ ಒಡೆದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಉಂಟಾಗುತ್ತವೆ. ಒಂದು ಗ್ಲೂಕೋಸ್ ಅಣುವಿಗೆ ನಿವ್ವಳ 2 ಎಟಿಪಿ ಮಾತ್ರ ದೊರೆಯುತ್ತವೆ. ಎರಡನೆಯದು ಮೈಟೊಕಾಂಡ್ರಿಯಗಳಲ್ಲಿ ಆಮ್ಲಜನಕವನ್ನು ಬಳಸಿ ನಡೆಯುವ ಉಸಿರಾಟ. ಇದರಿಂದ ಹಲವು ಪಟ್ಟು ಹೆಚ್ಚು ಎಟಿಪಿ ಸಿಗುತ್ತದೆ.

ಆಮ್ಲಜನಕವಿದ್ದರೂ ಸಕ್ಕರೆ ಹೇರಳವಾಗಿರುವಾಗ ಈ ಯೀಸ್ಟ್ ಹುದುಗುವಿಕೆಯನ್ನೇ ಆರಿಸಿಕೊಳ್ಳುತ್ತದೆ. ಇದನ್ನು ಕ್ರ್ಯಾಬ್‌ಟ್ರೀ ಪರಿಣಾಮ ಎನ್ನುತ್ತಾರೆ. ಸಕ್ಕರೆ ತೀರಿದೊಡನೆ ಬೆಳವಣಿಗೆ ಕೆಲಕಾಲ ನಿಂತು, ಕೋಶವು ತಾನೇ ಹೊರಹಾಕಿದ ಮದ್ಯಸಾರವನ್ನು ಉಸಿರಾಟದ ಮೂಲಕ ಬಳಸಲಾರಂಭಿಸುತ್ತದೆ. ಮೈಟೊಕಾಂಡ್ರಿಯಗಳು ಕೆಟ್ಟು ಉಸಿರಾಟ ಸಾಧ್ಯವಾಗದ ಕೋಶಗಳು ಈ ಬದಲಾವಣೆಯನ್ನು ದಾಟಲಾರವು. ಅವು ಸಾಮಾನ್ಯವಾಗಿ ಹಸಿವಿನಲ್ಲಿ ಬೇಗ ಸಾಯುತ್ತವೆ.

ಹಸಿವಿನ ಸಿದ್ಧತೆ

ಆಹಾರ ಕಡಿಮೆಯಾಗುತ್ತ ಬಂದಂತೆ ಕೋಶವು ವಿಭಜನೆಯನ್ನು ನಿಲ್ಲಿಸಿ ಸುಪ್ತಾವಸ್ಥೆಗೆ ಹೋಗುತ್ತದೆ. ಕೋಶಭಿತ್ತಿ ದಪ್ಪವಾಗುತ್ತದೆ, ಗ್ಲೈಕೋಜನ್ ಮತ್ತು ಟ್ರೆಹಲೋಸ್ ಎಂಬ ಶರ್ಕರಗಳು ಕೋಶದೊಳಗೆ ಸಂಗ್ರಹವಾಗುತ್ತವೆ. ಟ್ರೆಹಲೋಸ್ ಆಹಾರದ ದಾಸ್ತಾನು ಮಾತ್ರವಲ್ಲ. ಒಣಗುವಿಕೆ ಮತ್ತು ಶಾಖದಿಂದ ಪ್ರೋಟೀನುಗಳನ್ನೂ ಪೊರೆಗಳನ್ನೂ ಕಾಪಾಡುತ್ತದೆ. ಅಂಗಡಿಯಲ್ಲಿ ಪೊಟ್ಟಣದಲ್ಲಿ ದೊರೆಯುವ ಒಣ ಯೀಸ್ಟ್ ತಿಂಗಳುಗಟ್ಟಲೆ ಜೀವ ಹಿಡಿದುಕೊಂಡಿದ್ದು, ಉಗುರುಬೆಚ್ಚಗಿನ ಸಕ್ಕರೆ ನೀರಿನಲ್ಲಿ ಮತ್ತೆ ಚುರುಕಾಗುವುದಕ್ಕೆ ಇದೂ ಒಂದು ಕಾರಣ.

ಕೋಶವು ತನ್ನದೇ ಭಾಗಗಳನ್ನು ರಸದಾನಿಗೆ ಸಾಗಿಸಿ, ಜೀರ್ಣಿಸಿ, ಮರುಬಳಸುವ ಕ್ರಿಯೆಗೆ ಸ್ವಭಕ್ಷಣೆ ಎಂದು ಹೆಸರು. ಜಪಾನಿನ ಯೊಶಿನೊರಿ ಓಸುಮಿ ಅವರು ಹಸಿದ ಯೀಸ್ಟ್ ಕೋಶಗಳಲ್ಲಿ ಇದನ್ನು ಗುರುತಿಸಿ 1992ರಲ್ಲಿ ಪ್ರಕಟಿಸಿದರು. ಇದಕ್ಕೆ ಬೇಕಾದ ವಂಶವಾಹಿಗಳನ್ನೂ ಅವರು ಪತ್ತೆಮಾಡಿದರು. ಈ ಕೆಲಸಕ್ಕಾಗಿ ಅವರಿಗೆ 2016ರ ವೈದ್ಯಕೀಯ ನೊಬೆಲ್ ಪ್ರಶಸ್ತಿ ದೊರೆಯಿತು.

ವೆಚ್ಚವನ್ನು ನಿಯಂತ್ರಿಸುವ ಸಂಕೇತಗಳು

ಆಹಾರದ ಸ್ಥಿತಿಯನ್ನು ಕೋಶಕ್ಕೆ ತಿಳಿಸುವ ಪ್ರೋಟೀನುಗಳಲ್ಲಿ ಮೂರು ಮುಖ್ಯವಾದವು. ಅಮೈನೋ ಆಮ್ಲಗಳು ಸಾಕಷ್ಟಿರುವಾಗ ಟಾರ್ ಮತ್ತು ಗ್ಲೂಕೋಸ್ ಇರುವಾಗ ಪಿಕೆಎ ಬೆಳವಣಿಗೆಯನ್ನು ಪ್ರೋತ್ಸಾಹಿಸುತ್ತವೆ. ಗ್ಲೂಕೋಸ್ ಕಡಿಮೆಯಾದಾಗ ಎಸ್‌ಎನ್‌ಎಫ್1 ಎಚ್ಚೆತ್ತು ಉಳಿತಾಯದ ಕ್ರಿಯೆಗಳನ್ನು ಆರಂಭಿಸುತ್ತದೆ. ರಾಪಾಮೈಸಿನ್ ಎಂಬ ಔಷಧವು ಯೀಸ್ಟ್‌ನ ಮೇಲೆ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಹುಡುಕುವಾಗ ಜೋಸೆಫ್ ಹೈಟ್‌ಮನ್, ರಾವ್ ಮೊವ್ವ ಮತ್ತು ಮೈಕೆಲ್ ಹಾಲ್ 1991ರಲ್ಲಿ ಟಾರ್ ವಂಶವಾಹಿಗಳನ್ನು ಕಂಡುಹಿಡಿದರು. ಮನುಷ್ಯನಲ್ಲಿಯೂ ಇವಕ್ಕೆ ಸಮಾನವಾದ ಪ್ರೋಟೀನುಗಳಿವೆ.

ಈ ಸಂಕೇತಗಳ ಮಹತ್ವವನ್ನು 2008ರಲ್ಲಿ ಪ್ರಕಟವಾದ ಒಂದು ಪ್ರಯೋಗ ಸ್ಪಷ್ಟಪಡಿಸಿತು. ಲ್ಯೂಸಿನ್ ಎಂಬ ಅಮೈನೋ ಆಮ್ಲವನ್ನೂ ಯುರಾಸಿಲ್ ಅನ್ನೂ ತಾವೇ ತಯಾರಿಸಿಕೊಳ್ಳಲಾರದಂತೆ ವಂಶವಾಹಿ ಕೆಟ್ಟಿರುವ ತಳಿಗಳನ್ನು ಅದರಲ್ಲಿ ಬಳಸಲಾಗಿತ್ತು. ಫಾಸ್ಫೇಟ್ ಅಥವಾ ಸಲ್ಫೇಟ್ ದೊರೆಯದಿದ್ದಾಗ ಈ ಕೋಶಗಳಲ್ಲಿ ಅರ್ಧದಷ್ಟು ಸಾಯಲು ಸುಮಾರು 10 ದಿನ ಬೇಕಾಯಿತು. ಲ್ಯೂಸಿನ್ ಅಥವಾ ಯುರಾಸಿಲ್ ದೊರೆಯದಿದ್ದಾಗ ಅದಕ್ಕೆ 2 ದಿನಗಳೂ ಬೇಕಾಗಲಿಲ್ಲ. ಮೊದಲನೆಯ ಕೊರತೆ ನಿಸರ್ಗದಲ್ಲಿ ಎದುರಾಗುವಂಥದು. ಕೋಶ ಅದನ್ನು ಗುರುತಿಸಿ ವಿಭಜನೆಯನ್ನು ನಿಲ್ಲಿಸುತ್ತದೆ. ಎರಡನೆಯದು ಪ್ರಯೋಗಾಲಯದ ತಳಿಗೆ ಮಾತ್ರ ಒದಗಿದ ಕೊರತೆ. ಅದಕ್ಕೆ ಕೋಶ ಸರಿಯಾಗಿ ಸ್ಪಂದಿಸದೆ ಗ್ಲೂಕೋಸನ್ನು ದುಂದುಮಾಡುತ್ತಲೇ ಸಾಯುತ್ತದೆ. ಟಾರ್1 ವಂಶವಾಹಿಯನ್ನು ತೆಗೆದಾಗ ಈ ಸಾವು ಕೆಲಮಟ್ಟಿಗೆ ತಗ್ಗಿತು.

ಮುಪ್ಪಿನ ಎರಡು ಅಳತೆಗಳು

ಯೀಸ್ಟ್‌ನ ಆಯುಸ್ಸನ್ನು ಎರಡು ರೀತಿಯಲ್ಲಿ ಅಳೆಯುತ್ತಾರೆ. ಒಂದು ತಾಯಿಕೋಶವು ಸಾಯುವ ಮೊದಲು ಎಷ್ಟು ಮರಿಕೋಶಗಳನ್ನು ಮೊಗ್ಗಿನಂತೆ ಬಿಡುತ್ತದೆ ಎಂಬುದು ವಿಭಜನೆಯ ಆಯುಸ್ಸು. ಇದಕ್ಕೆ ಮಿತಿಯಿದೆ ಎಂಬುದನ್ನು ಮಾರ್ಟಿಮರ್ ಮತ್ತು ಜಾನ್‌ಸ್ಟನ್ 1959ರಲ್ಲಿ ತೋರಿಸಿದರು. ಪ್ರಯೋಗಾಲಯದ ಹಲವು ತಳಿಗಳಲ್ಲಿ ಈ ಸಂಖ್ಯೆ ಸರಾಸರಿ 25ರ ಆಸುಪಾಸಿನಲ್ಲಿರುತ್ತದೆ. ವಿಭಜನೆ ನಿಂತ ಮೇಲೆ ಕೋಶವು ಎಷ್ಟು ದಿನ ಜೀವಂತವಾಗಿರುತ್ತದೆ ಎಂಬುದು ಕಾಲದ ಆಯುಸ್ಸು. ಹಸಿವಿನಲ್ಲಿ ಬದುಕುಳಿಯುವಿಕೆಗೆ ಇದು ನೇರವಾಗಿ ಸಂಬಂಧಿಸಿದೆ.

ತಾಯಿಕೋಶಕ್ಕೆ ವಯಸ್ಸಾದಂತೆ ಅದರ ರಸದಾನಿಯ ಆಮ್ಲೀಯತೆ ಕುಗ್ಗುತ್ತದೆ, ಅದರಿಂದ ಮೈಟೊಕಾಂಡ್ರಿಯಗಳು ಹದಗೆಡುತ್ತವೆ ಎಂದು ಹ್ಯೂಸ್ ಮತ್ತು ಗಾಟ್‌ಶ್ಲಿಂಗ್ 2012ರಲ್ಲಿ ವರದಿ ಮಾಡಿದರು. ಮರಿಕೋಶದ ರಸದಾನಿಯಲ್ಲಿ ಆಮ್ಲೀಯತೆ ಮತ್ತೆ ಮೊದಲಿನಂತಾಗುತ್ತದೆ.

ಸಕ್ಕರೆಯ ಮಿತಿ ಮತ್ತು ಆಯುಸ್ಸು

ದ್ರಾವಣದ ಗ್ಲೂಕೋಸನ್ನು ಶೇ. 2ರಿಂದ ಶೇ. 0.5ಕ್ಕೆ ಇಳಿಸಿದಾಗ ವಿಭಜನೆಯ ಆಯುಸ್ಸು ಹೆಚ್ಚುತ್ತದೆ ಎಂದು 2000ದಲ್ಲಿ ಪ್ರಕಟವಾಯಿತು. ಇದಕ್ಕೆ ಸಿರ್2 ಎಂಬ ಪ್ರೋಟೀನು ಅಗತ್ಯವೆಂದು ಆಗ ಹೇಳಲಾಯಿತು. ಅದಿಲ್ಲದೆಯೂ ಆಯುಸ್ಸು ಹೆಚ್ಚಬಲ್ಲದು ಎಂದು 2004ರ ಪ್ರಯೋಗಗಳು ತೋರಿಸಿದ್ದರಿಂದ ಈ ವಿಷಯ ಚರ್ಚೆಗೊಳಗಾಯಿತು. ಎಸ್‌ಸಿಎಚ್9 ಎಂಬ ಬೆಳವಣಿಗೆಯ ವಂಶವಾಹಿ ಕೆಟ್ಟ ತಳಿಗಳಲ್ಲಿ ಕಾಲದ ಆಯುಸ್ಸು ಮೂರು ಪಟ್ಟಿನವರೆಗೂ ಹೆಚ್ಚಿದ್ದು 2001ರಲ್ಲಿ ವರದಿಯಾಯಿತು.

ಬೆಂಗಳೂರಿನ ಸಂಶೋಧನೆ

ಕರ್ನಾಟಕದಲ್ಲಿ ಈ ವಿಷಯದ ಅಧ್ಯಯನ ಬೆಂಗಳೂರಿನ ಇನ್‌ಸ್ಟೆಮ್ ಸಂಸ್ಥೆಯಲ್ಲಿ ನಡೆದಿದೆ. ಅಲ್ಲಿನ ಸುನಿಲ್ ಲಕ್ಷ್ಮಣ್ ಅವರ ತಂಡವು ಗ್ಲೂಕೋಸ್ ಕಡಿಮೆಯಿರುವಲ್ಲಿ ಬೆಳೆದ ಯೀಸ್ಟ್ ಸಮೂಹವನ್ನು ಕುರಿತು 2019ರಲ್ಲಿ ಈಲೈಫ್ ಪತ್ರಿಕೆಯಲ್ಲಿ ಪ್ರಬಂಧ ಪ್ರಕಟಿಸಿತು. ಒಂದೇ ವಂಶವಾಹಿ ಸಂಪತ್ತುಳ್ಳ ಕೋಶಗಳು ಅಲ್ಲಿ ಎರಡು ಬಗೆಯಾಗಿ ಬೇರ್ಪಟ್ಟವು. ಒಂದು ಬಗೆಯವು ಸಕ್ಕರೆಯಲ್ಲದ ಆಹಾರದಿಂದ ಟ್ರೆಹಲೋಸ್ ತಯಾರಿಸಿದವು. ಹೊರಗೆ ಅದು ಒಂದು ಮಟ್ಟವನ್ನು ಮೀರಿದಾಗ ಮತ್ತೆ ಕೆಲವು ಕೋಶಗಳು ಸ್ಥಿತಿ ಬದಲಿಸಿ, ಅದನ್ನೇ ಬಳಸಿಕೊಂಡು ಬೆಳೆದವು. ಕೊರತೆಯ ಕಾಲದಲ್ಲಿ ಏಕಕೋಶ ಜೀವಿಗಳ ನಡುವೆಯೂ ಕೆಲಸದ ಹಂಚಿಕೆ ಉಂಟಾಗಬಹುದು ಎಂಬುದಕ್ಕೆ ಇದು ನಿದರ್ಶನ.

ಮಿತಿಗಳು

ಯೀಸ್ಟ್‌ನ ಫಲಿತಾಂಶಗಳನ್ನು ಮನುಷ್ಯನಿಗೆ ನೇರವಾಗಿ ಅನ್ವಯಿಸಲಾಗದು. ಮುಚ್ಚಿದ ಪಾತ್ರೆಯಲ್ಲಿ ಕೋಶಗಳು ಹೊರಹಾಕುವ ಅಸಿಟಿಕ್ ಆಮ್ಲವೇ ಅವುಗಳ ಸಾವಿಗೆ ಮುಖ್ಯ ಕಾರಣವಾಗಬಲ್ಲದು ಎಂದು 2009ರಲ್ಲಿ ಕಂಡುಬಂದಿದೆ. ಸಕ್ಕರೆ ಕಡಿಮೆಯಾದರೆ ಈ ಆಮ್ಲವೂ ಕಡಿಮೆಯಾಗುತ್ತದೆ. ಆದ್ದರಿಂದ ಹೆಚ್ಚಿದ ಆಯುಸ್ಸೆಲ್ಲ ನಿಧಾನವಾದ ಮುಪ್ಪಿನ ಫಲವಲ್ಲ. ಟಾರ್ ಅನ್ನು ತಡೆಯುವ ರಾಪಾಮೈಸಿನ್ ಇಲಿಗಳ ಆಯುಸ್ಸನ್ನು ಹೆಚ್ಚಿಸಿದ್ದು 2009ರಲ್ಲಿ ವರದಿಯಾಗಿದೆ. ಆದರೆ ಅದು ಮನುಷ್ಯರಲ್ಲಿ ರೋಗನಿರೋಧಕ ಶಕ್ತಿಯನ್ನು ಕುಗ್ಗಿಸುವ ಔಷಧವೂ ಹೌದು. ಉಪವಾಸದಿಂದ ಮನುಷ್ಯನ ಆಯುಸ್ಸು ಹೆಚ್ಚುತ್ತದೆ ಎಂಬ ಮಾತಿಗೆ ಯೀಸ್ಟ್‌ನ ಪ್ರಯೋಗಗಳು ಪುರಾವೆಯಾಗುವುದಿಲ್ಲ. ಯಾವ ವಂಶವಾಹಿಗಳನ್ನು, ಯಾವ ಕ್ರಿಯೆಗಳನ್ನು ಇತರ ಜೀವಿಗಳಲ್ಲಿ ಪರಿಶೀಲಿಸಬೇಕು ಎಂಬುದನ್ನು ಅವು ಸೂಚಿಸುತ್ತವೆ.